ಹಿಂದೆ ಸೀಟುಂಟು

ಕಾಪುವಿನಿಂದ ಹೊರಟು ಕಟಪಾಡಿ, ಉಡುಪಿ, ಮಣಿಪಾಲ ದಾಟಿ ಕಾರ್ಕಳಕ್ಕೆ ಹೋಗುವ ಬೆಳಗಿನ ಬಸ್ಸೊಂದಿತ್ತು. ಅದನ್ನು ನಾವು 'ನಮ್ಮ ಬಸ್ಸು' ಎನ್ನುತ್ತಿದ್ದೆವು. ಮಾಲೀಕರು ಬೇರೆ ಯಾರೋ. ಆದರೆ ವರ್ಷಗಟ್ಟಲೆ ಅದೇ ಬಸ್ಸಿನಲ್ಲಿ, ಅದೇ ಸೀಟಿನಲ್ಲಿ, ಅದೇ ಮುಖಗಳನ್ನು ನೋಡುತ್ತಾ ಕುಳಿತವರಿಗೆ ಅಷ್ಟು ಹಕ್ಕು ತಾನಾಗಿ ಬರುತ್ತದೆ. ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ್ದೆ. ಅಪ್ಪ ಕಾರ್ಕಳದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಷ್ಟ್ರು. ಅದಕ್ಕೆ ಮೊದಲು ಕಾಪುವಿನಲ್ಲೇ ಬಹಳ ಕಾಲ ಕಲಿಸಿದ್ದರು. ವರ್ಗವಾದಾಗ ಮನೆ ಬಿಟ್ಟು ಬರಲು ಅಮ್ಮ ಒಪ್ಪಲಿಲ್ಲ, ದಿನಾ ಹೋಗಿ ಬರುವುದೆಂದಾಯಿತು. 'ಪಾಪ, ಈ ವಯಸ್ಸಿನಲ್ಲಿ ಅಷ್ಟು ದೂರ' ಎಂದು ಊರವರು ಕನಿಕರಪಡುತ್ತಿದ್ದರು. ಅವರಿಗೇನು ಗೊತ್ತು? ಶಾಲೆ ಇನ್ನೂ ದೂರ ಇದ್ದಿದ್ದರೆ ಅಪ್ಪನಿಗೆ ಇನ್ನೂ ಖುಷಿಯಾಗುತ್ತಿತ್ತು.

ಯಾಕೆಂದರೆ ಆ ಬಸ್ಸಿನ ಹಿಂದಿನ ಮೂರು ಸಾಲು ಸೀಟುಗಳಲ್ಲಿ ದಿನಾ ರಾಜಕೀಯ ನಡೆಯುತ್ತಿತ್ತು. ಯಾರೂ ಕರೆದು ಕೂರಿಸಿದ್ದಲ್ಲ, ಹೆಸರಿಟ್ಟದ್ದೂ ಅಲ್ಲ. ಕಾಪುವಿನಲ್ಲಿ ಹತ್ತುವ ಜವಳಿಯ ಸಾಹೇಬರು, ಕಟಪಾಡಿಯಲ್ಲಿ ಹತ್ತುವ ಬ್ಯಾಂಕಿನ ಕ್ಲರ್ಕ್, ವಕೀಲರ ಮನೆಗೆಂದು ಆಗಾಗ ಕಾರ್ಕಳಕ್ಕೆ ಹೋಗುವ ಒಬ್ಬ ದೊಡ್ಡ ಧಣಿ, ನಡುವೆ ಅಪ್ಪ. ಸಾಹೇಬರ ಮನೆಮಾತು ಬ್ಯಾರಿ, ಕ್ಲರ್ಕಿನದ್ದು ಕೊಂಕಣಿ, ನಮ್ಮದು ತುಳು. ಆದರೆ ರಾಜಕೀಯ ಮಾತ್ರ ಕನ್ನಡದಲ್ಲಿ, ಅದೂ ಪತ್ರಿಕೆಯಲ್ಲಿ ಅಚ್ಚಾದಂಥ ಕನ್ನಡದಲ್ಲಿ. 'ಆದಕಾರಣ' ಎಂದು ಬಾಯಿಮಾತಿನಲ್ಲಿ ಹೇಳುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಾತು ಜಗಳಕ್ಕೆ ತಿರುಗಿದರೆ ಮಾತ್ರ ಎಲ್ಲರಿಗೂ ತುಳು ಬರುತ್ತಿತ್ತು. ಹಿಂದಿನಿಂದ ತುಳು ಕೇಳಿಸಿತೆಂದರೆ ಕಂಡಕ್ಟರ್ ವಿಸಿಲ್ಲನ್ನು ಬಾಯಿಗೆ ಇಟ್ಟುಕೊಳ್ಳುತ್ತಿದ್ದ.

ಕಂಡಕ್ಟರ್ ಅಪ್ಪನ ಹಳೆಯ ವಿದ್ಯಾರ್ಥಿ. ಕಾಪು ಶಾಲೆಯಲ್ಲಿ ಅಪ್ಪನ ಕೈಯಿಂದ ಅಕ್ಷರವನ್ನೂ ಪೆಟ್ಟನ್ನೂ ಒಟ್ಟಿಗೆ ಪಡೆದವನು. ಒಂದು ಚುನಾವಣೆಯ ಸಮಯದಲ್ಲಿ ಪರ್ಕಳದ ಹತ್ತಿರ ಇಬ್ಬರು ಕೊಡೆಯಲ್ಲಿ ಹೊಡೆದಾಡಿ ಕಿಟಕಿಯ ಗಾಜು ಒಡೆದರು. ಮರುದಿನ ಬಸ್ಸು ಉಡುಪಿಯಲ್ಲಿ ನಿಂತಾಗ ಅವನು ಹಿಂದಿನ ಸಾಲಿನ ಎದುರು ನಿಂತು ಹೇಳಿದ, "ನೋಡಿ, ಪಕ್ಷದ ವಿಷಯ ಮಾತಾಡಿ, ಮಂತ್ರಿಗಳ ವಿಷಯ ಮಾತಾಡಿ, ನನಗೆ ಎಂತದೂ ಇಲ್ಲ. ಜಾತಿ ತೆಗೆಯಬಾರದು. ಬಸ್ಸಿನಲ್ಲಿ ಇದ್ದವರ ಮನೆ ವಿಷಯ ತೆಗೆಯಬಾರದು. ತೆಗೆದರೆ ಇಂಜಿನ್ ಸೀಟು." ಒಪ್ಪಿಗೆಯೋ ಎಂದು ಕೇಳಿದ. ಎಲ್ಲರೂ ಕೈ ಎತ್ತಿದರು. ಮೊದಲು ಎದ್ದ ಕೈ ಅಪ್ಪನದು.

ಇಂಜಿನ್ ಸೀಟು ಎಂದರೆ ಡ್ರೈವರಿನ ಎಡಗಡೆ, ಇಂಜಿನಿಗೆ ಒತ್ತಿಕೊಂಡು ಇದ್ದ ಒಂಟಿ ಸೀಟು. ಆ ಕಾಲದ ಬಸ್ಸುಗಳಲ್ಲಿ ಇಂಜಿನ್ ಒಳಗೇ ಇರುತ್ತಿತ್ತು, ಮೇಲೊಂದು ಮುಚ್ಚಳ, ಅದರ ಮೇಲೆ ಗೋಣಿ. ಅಲ್ಲಿ ಕುಳಿತರೆ ಕಾಲಿಗೆ ಬಿಸಿ, ಮೂಗಿಗೆ ಡೀಸೆಲ್, ಕಿವಿಗೆ ಬರೀ ಗುಡುಗುಡು. ನೀವು ಎಷ್ಟು ಕೂಗಿದರೂ ಹಿಂದಿನವರಿಗೆ ಕೇಳದು, ಹಿಂದಿನವರು ಏನು ಹೇಳಿದರೂ ನಿಮಗೆ ಕೇಳದು. ಬಸ್ಸಿನಿಂದ ಇಳಿಸುವುದಿಲ್ಲ, ಬೈಯುವುದಿಲ್ಲ, ಮಾತಿನಿಂದ ಮಾತ್ರ ಹೊರಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ಹೋದವರು ಮರುದಿನ ಬೆಳಿಗ್ಗೆಯೂ ಅಲ್ಲೇ ಕೂರಬೇಕು, ಟಿಕೆಟ್ ಹರಿಯುವಾಗ ಕಂಡಕ್ಟರ್ ಅವರ ಕಿವಿಯ ಹತ್ತಿರ ಬಗ್ಗಿ "ಹಿಂದೆ ಸೀಟುಂಟು" ಎನ್ನುತ್ತಿದ್ದ. ಅಷ್ಟಾದರೆ ಮುಗಿಯಿತು. ಅವರು ನಗುತ್ತಾ ಹಿಂದೆ ಹೋಗಿ ಕುಳಿತು ನಿನ್ನೆ ಬಿಟ್ಟಲ್ಲಿಂದ ಶುರು ಮಾಡುತ್ತಿದ್ದರು. ಕ್ಲರ್ಕಿಗೆ ಬಾಯಿ ಜಾಸ್ತಿ, ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುತ್ತಿದ್ದರು. "ಇವತ್ತು ಕ್ಲರ್ಕ್ ಇಂಜಿನ್ ಕಾಯಿಸ್ತಿದ್ದಾರೆ" ಎಂದು ನಾವು ಹೆಂಗಸರೂ ತಮಾಷೆ ಮಾಡುತ್ತಿದ್ದೆವು.

ಅಪ್ಪ ಮಾತಿಗೆ ಹೆಸರಾದವರು, ಆದರೆ ಅವರು ಮಾತಾಡುತ್ತಿದ್ದದ್ದು ಕಡಿಮೆ. ಮುಂದಿನ ಹೆಂಗಸರ ಸೀಟಿನಿಂದ ತಿರುಗಿ ನೋಡಿದಾಗಲೆಲ್ಲ ಕಣ್ಣು ಮುಚ್ಚಿ, ತಲೆ ತುಸು ಓರೆ ಮಾಡಿ, ಎದುರಿನವರು ಹೇಳುವುದನ್ನು ಕೇಳುತ್ತಿರುವುದೇ ಕಾಣಿಸುತ್ತಿತ್ತು. ತನ್ನ ಅಭಿಪ್ರಾಯಕ್ಕೆ ಪೂರಾ ವಿರುದ್ಧವಾದದ್ದನ್ನು ಯಾರಾದರೂ ಚೆನ್ನಾಗಿ ಹೇಳಿದರೆ ಅವರ ಮುಖದ ಮೇಲೆ ಹಬ್ಬದ ಪಾಯಸ ಉಂಡಂಥ ತೃಪ್ತಿ. "ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಹೇಳಿ" ಎಂದು ಹೇಳಿಸಿ, ಪೂರ್ತಿ ಕೇಳಿಸಿಕೊಂಡು, ಆಮೇಲೆ ಉತ್ತರ ಕೊಡುವುದು. ಮನೆಯಲ್ಲಿ ಅಮ್ಮನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು ಎಂದು ನಾನು ಕೆಣಕುತ್ತಿದ್ದೆ.

ತುರ್ತು ಪರಿಸ್ಥಿತಿ ಬಂತು. ಹೋಟೆಲುಗಳ ಗೋಡೆಗೆ 'ಇಲ್ಲಿ ರಾಜಕೀಯ ಮಾತನಾಡಬಾರದು' ಎಂಬ ಹಲಗೆ ಮೊದಲೂ ಇತ್ತು, ಈಗ ಜನ ಅದನ್ನು ನಿಜವಾಗಿ ಓದತೊಡಗಿದರು. ಕ್ಷೌರದ ಅಂಗಡಿಯಲ್ಲೂ ಮಾತಿಲ್ಲ. ಬಸ್ಸಿನಲ್ಲಿ ಮಾತ್ರ ಅದು ನಿಲ್ಲಲಿಲ್ಲ, ಸ್ವರ ಮಾತ್ರ ಸ್ವಲ್ಪ ತಗ್ಗಿತು. ಪಕ್ಕದವನು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಮೇಲಿಂದ ಇಂಜಿನಿನ ಸದ್ದು ಬೇರೆ ಕಾವಲಿಗಿತ್ತು. ಅದೇ ಕಾಲಕ್ಕೆ ಭೂಮಸೂದೆಯ ಗಲಾಟೆಯೂ ನಡೆಯುತ್ತಿತ್ತು. ಗೇಣಿಗೆ ಉಳುತ್ತಿದ್ದವರು ಅರ್ಜಿ ಹಾಕಿ, ತಾವು ಒಕ್ಕಲು ಹೌದೆಂದು ಸಾಬೀತಾದರೆ ಗದ್ದೆ ಅವರದ್ದೇ ಆಗುವ ಕಾನೂನು. ನಮ್ಮ ಕಡೆ ಆ ಅರ್ಜಿಗೆ ಡಿಕ್ಲರೇಶನ್ ಎಂದೇ ಹೆಸರು. ಎಷ್ಟೋ ಮನೆಗಳಲ್ಲಿ ಅದರಿಂದ ದೀಪ ಹತ್ತಿತು, ಕೆಲವು ಮನೆಗಳಲ್ಲಿ ಆರಿತು.

ಆ ದಿನ ಧಣಿಗಳು ಬಹಳ ಉಮೇದಿನಲ್ಲಿದ್ದರು. ಬಸ್ಸು ಉಡುಪಿಗೆ ಬರುತ್ತಾ ಬನ್ನಂಜೆಯಲ್ಲಿ ಸ್ವಲ್ಪ ನಿಧಾನವಾಗಿದ್ದರಿಂದ ಮುಂದೆ ಕುಳಿತ ನಮಗೂ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ದೇಶದಲ್ಲಿ ಶಿಸ್ತು ಬಂದಿದೆ, ಬಡವರಿಗೆಲ್ಲ ಭೂಮಿ ಸಿಕ್ಕಿದೆ, ನಾವೂ ಸಂತೋಷದಿಂದಲೇ ಬಿಟ್ಟುಕೊಟ್ಟಿದ್ದೇವೆ, ಇನ್ನು ಸಿಗದವರು ಯಾರಿದ್ದಾರೆ ತೋರಿಸಿ ನೋಡುವ, ಎಂದರು. ಅಪ್ಪ ಎಂದಿನಂತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಹೇಳಿದರು, "ಒಬ್ಬಳು ಬಾಕಿ ಉಂಟು. ಅವಳ ಗಂಡ ಇದ್ದಷ್ಟು ಕಾಲ ಗೇಣಿಯ ಅಕ್ಕಿ ಮುಡಿ ಹೊತ್ತು ಒಂದು ಮನೆಗೆ ಹಾಕಿದ್ದಾನೆ. ನಾನೇ ಕಣ್ಣಾರೆ ನೋಡಿದ್ದೇನೆ. ಡಿಕ್ಲರೇಶನ್ ಕೊಟ್ಟಾಗ ಆ ಮನೆಯವರು, ಇವರು ನಮ್ಮ ಹಟ್ಟಿಯ ಕೆಲಸದವರು, ಒಕ್ಕಲೇ ಅಲ್ಲ ಎಂದರು. ಅವಳು ಈ ಬಸ್ಸಿನಲ್ಲಿಯೇ ನೆಲದ ಮೇಲೆ ಕುಳಿತಿದ್ದಾಳೆ. ಸುಳ್ಳು ಹೇಳಿದವರು ಸೀಟಿನ ಮೇಲೆ ಕುಳಿತಿದ್ದಾರೆ."

ಹೆಸರು ಹೇಳಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಧಣಿಗಳು ದಡಕ್ಕನೆ ಎದ್ದು ನಿಂತು ತುಳುವಿನಲ್ಲಿ ಬೈಯತೊಡಗಿದರು. ನನ್ನ ಕಾಲಿನ ಹತ್ತಿರ ನೆಲದಲ್ಲಿ ಶಂಕರಪುರದ ಹೂವಿನ ಹೆಂಗಸು ಕುಳಿತಿದ್ದಳು. ಮುಂಜಾವಿನಲ್ಲಿ ಕೊಯ್ದ ಮಲ್ಲಿಗೆ ಮೊಗ್ಗಿನಲ್ಲಿ ಮನೆಯಲ್ಲೇ ಕಟ್ಟಿ ಉಳಿದದ್ದನ್ನು ಬಸ್ಸಿನಲ್ಲೇ ಬಾಳೆನಾರಿನಿಂದ ಕಟ್ಟಿ ಮುಗಿಸಿ ಉಡುಪಿಯಲ್ಲಿ ಇಳಿಯುವವಳು. ಬಸ್ಸು ಎಷ್ಟು ಕುಲುಕಿದರೂ ಅವಳ ಬೆರಳು ನಿಂತದ್ದನ್ನು ನಾನು ನೋಡಿರಲಿಲ್ಲ. ಆಗ ನಿಂತಿತು.

ವಿಸಿಲ್ ಕೇಳಿಸಿತು. ಎಂದಿನ ಎಚ್ಚರಿಕೆಯ ಚುಟುಕು ವಿಸಿಲ್ ಅಲ್ಲ, ಉದ್ದನೆಯದು. ಕಂಡಕ್ಟರ್ ಅಪ್ಪನ ಎದುರು ಬಂದು ನಿಂತ. ಬಾಯಿ ತೆರೆದ, ಮಾತು ಹೊರಡಲಿಲ್ಲ. ಕೈ ಎತ್ತಿ ಮುಂದಕ್ಕೆ ತೋರಿಸಿದ. ಅಪ್ಪ ಒಂದು ಗಳಿಗೆ ಆ ಕೈಯನ್ನೇ ನೋಡಿ, ಎದ್ದು, ಚೀಲ ಮತ್ತು ಕೊಡೆ ಹಿಡಿದುಕೊಂಡು ಇಡೀ ಬಸ್ಸಿನ ಉದ್ದಕ್ಕೆ ನಡೆದು ಬಂದು ಇಂಜಿನ್ ಸೀಟಿನಲ್ಲಿ ಕುಳಿತರು. ಧಣಿಗಳು ಹಿಂದೆಯೇ ಕುಳಿತಿದ್ದರು. ಅವರು ನಿಯಮ ಮುರಿದಿರಲಿಲ್ಲವಲ್ಲ! ಯಾರ ಮನೆಯ ವಿಷಯವನ್ನೂ ತೆಗೆದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಮನೆಯಲ್ಲಿ ನಾನು ಕೂಗಾಡಿದೆ. "ನಿಜ ಹೇಳಿದವರಿಗೆ ಶಿಕ್ಷೆಯಾ ಅಪ್ಪ? ಸುಳ್ಳು ಹೇಳಿದವರಿಗೆ ಕಿಟಕಿ ಬದಿ ಸೀಟಾ?"

ಅಪ್ಪ ಕಾಲು ತೊಳೆದುಕೊಂಡು ನಿಧಾನವಾಗಿ ಹೇಳಿದರು, "ನಾನು ಹೇಳಿದ್ದು ನಿಜ. ನಾನು ರೂಲ್ಸ್ ಮುರಿದದ್ದೂ ನಿಜ. ರೂಲ್ಸ್ ಮಾಡುವಾಗ ಮೊದಲು ಕೈ ಎತ್ತಿದವ ನಾನೇ ಅಲ್ವಾ? ಈಗ ನನಗೆ ಬೇರೆ, ಕ್ಲರ್ಕಿಗೆ ಬೇರೆ ಅಂತ ಉಂಟಾ? ನಾಳೆ ಬೆಳಿಗ್ಗೆ ಅವನು ಸೀಟುಂಟು ಹೇಳ್ತಾನೆ. ನಾಳೆ ಪುನಃ ಅದನ್ನೇ ಬೇರೆ ರೀತಿಯಲ್ಲಿ ಕೇಳುತ್ತೇನೆ."

ಮರುದಿನ ಬೆಳಿಗ್ಗೆ ಅಪ್ಪ ಬಸ್ಸು ಹತ್ತಿ, ಕ್ರಮದಂತೆ, ಇಂಜಿನ್ ಸೀಟಿನಲ್ಲಿ ಕುಳಿತರು. ಕಂಡಕ್ಟರ್ ಬಂದು ಟಿಕೆಟ್ ಹರಿದುಕೊಟ್ಟ. ಅಪ್ಪ ಮುಖ ಎತ್ತಿ ನೋಡಿದರು. ಅವನು ತಲೆ ತಗ್ಗಿಸಿ ಮುಂದೆ ಹೋದ. ಅದರ ಮರುದಿನವೂ ಹಾಗೆಯೇ. ಆ ವಾರ ಕಳೆಯಿತು, ತಿಂಗಳು ಕಳೆಯಿತು.

ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಒಂದು ದಿನ ನಾನು ಇಳಿದು ಅವನನ್ನು ಹಿಡಿದೆ. "ಎಂತ ಮಾರಾಯ ನಿನ್ನದು? ಕ್ಲರ್ಕಿಗೆ ಒಂದೇ ದಿನ, ನಮ್ಮ ಅಪ್ಪನಿಗೆ ಜನ್ಮ ಪೂರ್ತಿಯಾ? ಧಣಿಗಳ ಹೆದರಿಕೆಯಾ?"

"ಹೆದರಿಕೆ ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ ಅಕ್ಕಾ," ಎಂದ. "ಮಾಷ್ಟ್ರ ಹೆಸರು, ಶಾಲೆ ಎಲ್ಲ ಯಾರೋ ವಿಚಾರಿಸಿಕೊಂಡು ಹೋಗಿದ್ದಾರೆ. ಈಗಿನ ಕಾಲ ಗೊತ್ತುಂಟಲ್ಲ? ಅವರು ಸ್ವಲ್ಪ ದಿನ ಮುಂದೆ ಕೂತರೆ ಒಳ್ಳೆಯದೇ ಅಂತ ನನಗೂ ಕಂಡಿತು. ಆದರೆ ಅದು ಮಾತ್ರ ಅಲ್ಲ." ಅವನ ಕಣ್ಣು ತುಂಬಿತು. "ಅವರು ನನ್ನ ಮಾಷ್ಟ್ರು. ಅವರಿಗೆ ನಾನು ಮಾಫಿ ಕೊಡುವುದಾ? ಅವರಾಗಿಯೇ ಎದ್ದು ಹಿಂದೆ ಹೋದರೆ ನಾನು ಒಂದು ಮಾತು ಆಡ್ಲಿಕ್ಕಿಲ್ಲ. ಆದರೆ ಸೀಟುಂಟು ಹೋಗಿ ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ."

"ಕಳಿಸುವಾಗ ಬಂತಲ್ಲ ಬಾಯಿ?"

"ಬಾಯಿ ಎಲ್ಲಿ ಬಂತು ಅಕ್ಕಾ? ಕೈ ತೋರಿಸಿದ್ದು ಅಲ್ವಾ?"

ಇದನ್ನು ಅಪ್ಪನಿಗೆ ಹೇಳಿ, ನೀವೇ ಹೋಗಿ ಕುಳಿತುಕೊಳ್ಳಿ ಎಂದೆ. "ಕಳಿಸಿದವನು ಕರೆಯಬೇಕು. ನಾನಾಗಿ ಹೋದರೆ, ಮಾಷ್ಟ್ರು ದೊಡ್ಡವರು, ಅವರಿಗೆ ಕಾನೂನು ಇಲ್ಲ ಅಂತ ಆಗ್ತದೆ. ಧಣಿಗಳು ಅದನ್ನೇ ಅಲ್ವಾ ಮಾಡಿದ್ದು?" ಎಂದರು. ಹೀಗೆ ನಾನು ಇಬ್ಬರ ನಡುವೆ ಓಡಾಡಿ ಸೋತೆ. ಒಬ್ಬನಿಗೆ ಗುರುವಿನ ಮೇಲೆ ಗೌರವ, ಇನ್ನೊಬ್ಬರಿಗೆ ನಿಯಮದ ಮೇಲೆ ಗೌರವ. ಸ್ವಲ್ಪ ಮರ್ಯಾದೆ ಕಡಿಮೆ ಇರುವ ಜನ ಆಗಿದ್ದರೆ ಆ ವಿಷಯ ಎರಡು ದಿನದಲ್ಲಿ ಮುಗಿಯುತ್ತಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು, ಆ ಕೊಡಲಿ ಎತ್ತುವವರೂ ಯಾರೂ ಇರಲಿಲ್ಲ.

ಹೂವಿನ ಹೆಂಗಸು ಆ ವಿಷಯದಲ್ಲಿ ಒಂದು ಮಾತೂ ಆಡಲಿಲ್ಲ. ಅಂದಿನಿಂದ ದಿನಾ ಉಡುಪಿಯಲ್ಲಿ ಇಳಿಯುವ ಮೊದಲು ನನ್ನ ಮಡಿಲಿಗೆ ಒಂದು ತುಂಡು ಮಲ್ಲಿಗೆ ಹಾಕಿ, ಇಂಜಿನ್ ಸೀಟಿನ ಕಡೆ ಒಮ್ಮೆ ನೋಡಿ ಇಳಿಯುತ್ತಿದ್ದಳು. ಅವಳಿಗೆ ಗದ್ದೆ ಸಿಗಲಿಲ್ಲ.

ತುರ್ತು ಪರಿಸ್ಥಿತಿ ಮುಗಿದು ಚುನಾವಣೆಯಾಗಿ ಫಲಿತಾಂಶ ಬಂದ ಬೆಳಗನ್ನು ನನಗೆ ಈಗಲೂ ಮರೆಯಲಾಗುವುದಿಲ್ಲ. ಹಿಂದಿನ ಮೂರು ಸಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಸಾಹೇಬರು ಖರ್ಜೂರ ಹಂಚಿದರು. ಕ್ಲರ್ಕ್ ಸೀಟಿನ ಮೇಲೆ ಹತ್ತಿ ನಿಂತು ಮಾತಾಡುತ್ತಿದ್ದರು, ಯಾರೂ ತಡೆಯಲಿಲ್ಲ. ಇಂಥ ದಿನಕ್ಕಾಗಿ ಅಪ್ಪ ಎಷ್ಟು ಕಾದಿದ್ದರು! ಮನೆಯಲ್ಲಿ ರೇಡಿಯೋಕ್ಕೆ ಕಿವಿ ಹಚ್ಚಿ ಕುಳಿತಿದ್ದವರು, ಬಸ್ಸು ಹತ್ತುವಾಗ ಚಿಕ್ಕ ಮಕ್ಕಳ ಹಾಗೆ ಅವಸರದಲ್ಲಿದ್ದವರು. ಹತ್ತಿ, ಒಮ್ಮೆ ಹಿಂದೆ ನೋಡಿ, ತಮ್ಮ ಸೀಟಿನಲ್ಲಿ ಕುಳಿತರು. ಮಣಿಪಾಲದವರೆಗೂ ಕತ್ತು ತಿರುಗಿಸಿ ತಿರುಗಿಸಿ ಆ ಬಾಯಿಗಳನ್ನು ನೋಡುತ್ತಿದ್ದರು. ಇಂಜಿನಿನ ಸದ್ದಿನಲ್ಲಿ ಏನು ಕೇಳಬೇಕು? ಒಂದು ಖರ್ಜೂರ ಕೈಯಿಂದ ಕೈಗೆ ದಾಟಿ ಮುಂದೆ ಬಂತು. ಅದನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದರು. ನಾನು ಮಣಿಪಾಲದಲ್ಲಿ ಇಳಿದು ಕೆಲಸಕ್ಕೆ ಹೋಗದೆ ಬಸ್‌ಸ್ಟಾಪಿನ ಹಿಂದೆ ನಿಂತು ಅತ್ತೆ.

ಅಪ್ಪ ಹಾಗೆ ವರ್ಷಗಟ್ಟಲೆ ಅಲ್ಲಿಯೇ ಕುಳಿತರು. ಡ್ರೈವರ್ ವಯಸ್ಸಾದ ಮನುಷ್ಯ, ಕಿವಿ ಸ್ವಲ್ಪ ಮಂದ, ಮಾತು ಬಹಳ ಕಡಿಮೆ. ಅವರಿಬ್ಬರಿಗೆ ಕೈಸನ್ನೆಯಲ್ಲೇ ಒಂದು ಸ್ನೇಹ ಬೆಳೆಯಿತು. ಅಪ್ಪ ಎಲೆಯಡಿಕೆ ಮಡಿಸಿ ಕೊಡುವುದು, ಡ್ರೈವರ್ ಹುಬ್ಬು ಹಾರಿಸಿ ಎದುರು ಬರುವ ಲಾರಿಯವನನ್ನು ಬೈಯುವುದು, ಅಪ್ಪ ತಲೆಯಾಡಿಸುವುದು. ಹಿಂದಿನವರು ಮೊದಮೊದಲು ಮಾಷ್ಟ್ರು ಇಲ್ಲದೆ ಸಪ್ಪೆ ಎನ್ನುತ್ತಿದ್ದರು. ಮತ್ತೆ ಅಭ್ಯಾಸವಾಯಿತು. ಜನರಿಗೆ ಯಾವುದು ಅಭ್ಯಾಸವಾಗುವುದಿಲ್ಲ ಹೇಳಿ! ಹೊಸಬರು ಬಂದರು. ಅಪ್ಪ ಡ್ರೈವರಿನ ಸಂಬಂಧಿಕರೆಂದು ತಿಳಿದವರೂ ಇದ್ದರು.

ಮೊದಲು ಗೊತ್ತಾದದ್ದು ಅಮ್ಮನಿಗೆ. ರೇಡಿಯೋದ ಸ್ವರ ದಿನದಿಂದ ದಿನಕ್ಕೆ ಏರುತ್ತಿತ್ತು. ಹಿಂದಿನಿಂದ ಕರೆದರೆ ಅಪ್ಪ ತಿರುಗುತ್ತಿರಲಿಲ್ಲ. ಎದುರು ನಿಂತರೆ ನಮ್ಮ ತುಟಿಯನ್ನೇ ನೋಡುತ್ತಿದ್ದರು. ನಾನು ಮಣಿಪಾಲದಲ್ಲಿ ಒಬ್ಬ ಕಿವಿಯ ಡಾಕ್ಟರಿಗೆ ತೋರಿಸಿದೆ. ಅವರು ಎಲ್ಲ ಪರೀಕ್ಷೆ ಮಾಡಿ, "ಇವರು ಮಿಲ್ಲಿನಲ್ಲಿ ಕೆಲಸವಾ?" ಎಂದು ಕೇಳಿದರು. ಅಲ್ಲ, ಮಾಷ್ಟ್ರು ಎಂದೆ. ಬಸ್ಸಿನ ಸೀಟಿನ ವಿಷಯ ಹೇಳಿದೆ. ಅದೂ ಇರಬಹುದು, ವಯಸ್ಸೂ ಇರಬಹುದು, ನರ ಹೋಗಿದೆ, ಇನ್ನು ಹಿಂದೆ ಬರುವಂಥದ್ದಲ್ಲ ಎಂದರು. ಅವರು ನಿರ್ದಿಷ್ಟವಾಗಿ ಹೇಳಲಿಲ್ಲ. ನನಗೆ ಮಾತ್ರ ಸಂಶಯವೇ ಇಲ್ಲ.

ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿತ್ತು. ಶಾಲೆಯಲ್ಲಿ ಗೊತ್ತಾದರೆ ಕಷ್ಟವೆಂದು ಮನೆಯ ವಿಷಯ ಮನೆಯೊಳಗೇ ಇಟ್ಟೆವು. ಅಪ್ಪ ಮಕ್ಕಳಿಗೆ ಬರೆಯುವ ಲೆಕ್ಕ ಹೆಚ್ಚು ಕೊಡುತ್ತಾ, ಬಾಯಿಪಾಠ ಕಡಿಮೆ ಮಾಡುತ್ತಾ ದಿನ ದೂಡಿದರು. ಬಸ್ಸಿನಲ್ಲಿ ಯಾರಿಗೂ ತಿಳಿಯಲಿಲ್ಲ, ಆ ಸೀಟಿನಲ್ಲಿ ಕುಳಿತವರನ್ನು ಯಾರು ಮಾತಾಡಿಸುತ್ತಾರೆ? ಕಂಡಕ್ಟರ್ ದಿನಾ ಬರುತ್ತಿದ್ದ, ಅಪ್ಪ ಸರಿಯಾದ ಚಿಲ್ಲರೆ ಕೊಡುತ್ತಿದ್ದರು, ಅವನು ತಲೆ ತಗ್ಗಿಸಿ ಟಿಕೆಟ್ ಕೊಡುತ್ತಿದ್ದ. ಅಷ್ಟೇ.

ಆಮೇಲೆ ಕಂಡಕ್ಟರಿಗೆ ಮಸ್ಕತ್ತಿನ ವೀಸಾ ಬಂತು. ಆಗ ಕಾಪುವಿನಲ್ಲಿ ಮನೆಗೊಬ್ಬರಂತೆ ಹೋಗುತ್ತಿದ್ದ ಕಾಲ. ಅವನ ಕೊನೆಯ ದಿನ ಬಿಳಿ ಅಂಗಿ ಹಾಕಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಬಸ್ಸು ಹೊರಟ ಮೇಲೆ ನನ್ನ ಹತ್ತಿರ ಬಗ್ಗಿ, "ಅಕ್ಕಾ, ಇವತ್ತು ಹೇಳ್ತೇನೆ. ಹೇಳದೆ ಸಮುದ್ರ ದಾಟಿದರೆ ನನಗೆ ಅನ್ನ ಇಳಿಯಲಿಕ್ಕಿಲ್ಲ," ಎಂದ. ಅವನಿಗೆ ಅಪ್ಪನ ಕಿವಿಯ ವಿಷಯ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕಟಪಾಡಿ ಬಂತು, ಜನ ನುಗ್ಗಿದರು, ಅವನು ಹಿಂದೆ ಹೋದ.

ಉದ್ಯಾವರದ ಸೇತುವೆ ದಾಟಿದ ಮೇಲೆ ಅವನು ಮುಂದೆ ಬಂದ. ಇಂಜಿನ್ ಸೀಟಿನ ಪಕ್ಕದಲ್ಲಿ, ಶಾಲೆಯಲ್ಲಿ ನಿಲ್ಲುವ ಹಾಗೆ ಕೈಕಟ್ಟಿ ನಿಂತು, "ಮಾಷ್ಟ್ರೇ, ಹಿಂದೆ ಸೀಟುಂಟು," ಎಂದ. ಅಪ್ಪ ಹೊರಗೆ ನೋಡುತ್ತಿದ್ದರು. ಅವನು ಇನ್ನೊಮ್ಮೆ ಹೇಳಿದ. ಅಪ್ಪ ಅವನು ನಿಂತದ್ದನ್ನು ಕಂಡು ಜೇಬಿನಿಂದ ಚಿಲ್ಲರೆ ತೆಗೆದು ಚಾಚಿದರು. ಅವನ ಮುಖ ಬಿಳಿಚಿತು. ಕ್ಷಮಿಸಲು ಮಾಷ್ಟ್ರಿಗೆ ಮನಸ್ಸಿಲ್ಲವೆಂದು ತಿಳಿದನೋ ಏನೋ. ಡ್ರೈವರಿಗೆ ಏನು ಅರ್ಥವಾಯಿತೋ, ಬಸ್ಸನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ ಇಂಜಿನ್ ಆರಿಸಿಬಿಟ್ಟ.

ಅಂಥ ನಿಶ್ಶಬ್ದ ಆ ಬಸ್ಸಿನಲ್ಲಿ ನಾನು ಕೇಳಿರಲಿಲ್ಲ. ಹಿಂದಿನ ಸಾಲಿನ ಮಾತೂ ನಿಂತಿತು. ಎಲ್ಲರೂ ಎದ್ದು ಮುಂದೆ ನೋಡುತ್ತಿದ್ದರು. ಧಣಿಗಳೂ ಇದ್ದರು. ಆ ನಿಶ್ಶಬ್ದದಲ್ಲಿ ಅವನು ದೊಡ್ಡ ಸ್ವರದಲ್ಲಿ, ಪಾಠ ಒಪ್ಪಿಸುವವರ ಹಾಗೆ, "ಮಾಷ್ಟ್ರೇ, ಹಿಂದೆ ಸೀಟುಂಟು. ಬನ್ನಿ," ಎಂದ.

ಅಪ್ಪನಿಗೆ ಕೇಳಿಸಲಿಲ್ಲ. ಕಾಲಡಿಯ ನಡುಕ ನಿಂತದ್ದು ಮಾತ್ರ ಅವರಿಗೆ ಗೊತ್ತಾಗಿತ್ತು. ಆ ಬಸ್ಸು ಆಗಾಗ ಹೀಗೆ ಕೈಕೊಡುವುದು, ಗಂಡಸರು ಇಳಿದು ತಳ್ಳುವುದು ನಮ್ಮಲ್ಲಿ ಮಾಮೂಲು. ತಳ್ಳಲು ಯಾವಾಗಲೂ ಮೊದಲು ಇಳಿಯುವವರು ಅಪ್ಪ. 'ಛೆ, ಇವತ್ತೂ ಹಾಳಾಯಿತಾ' ಎನ್ನುವಂತೆ ಡ್ರೈವರಿನ ಮುಖ ನೋಡಿ, ಕೊಡೆಯನ್ನು ಸೀಟಿನಲ್ಲಿಟ್ಟು, ಕಂಡಕ್ಟರಿನ ಭುಜ ತಟ್ಟಿ ದಾರಿ ಬಿಡಿಸಿಕೊಂಡು ಇಳಿದರು. ಪಂಚೆ ಎತ್ತಿ ಕಟ್ಟಿ, ಬಸ್ಸಿನ ಹಿಂದೆ ಹೋಗಿ, ಎರಡೂ ಕೈ ಊರಿ ನಿಂತು, ಉಳಿದವರು ಯಾಕೆ ಇನ್ನೂ ಬರಲಿಲ್ಲವೆಂದು ಕಾದರು.

ನಾನು ಎದ್ದು ನಿಂತು, "ಅಪ್ಪನಿಗೆ ಕಿವಿ ಕೇಳುವುದಿಲ್ಲ," ಎಂದೆ. ಅಷ್ಟು ಕಾಲ ಮುಚ್ಚಿಟ್ಟ ಮಾತು. ಕಂಡಕ್ಟರ್ ಮೆಟ್ಟಿಲಿನಲ್ಲೇ ಕುಸಿದು ಕುಳಿತು ಮುಖ ಮುಚ್ಚಿಕೊಂಡ. ಮೊದಲು ಸಾಹೇಬರು ಇಳಿದರು. ಮತ್ತೆ ಕ್ಲರ್ಕ್. ಒಬ್ಬೊಬ್ಬರಾಗಿ ಗಂಡಸರೆಲ್ಲ ಇಳಿದು ಅಪ್ಪನ ಅಕ್ಕಪಕ್ಕ ನಿಂತು, ಏನೂ ಹಾಳಾಗದ ಆ ಬಸ್ಸನ್ನು ತಳ್ಳಿದರು. ಕೊನೆಗೆ ಧಣಿಗಳೂ ಇಳಿದು ಒಂದು ಕೈ ಹಚ್ಚಿದರು. ನಾನು ಕಿಟಕಿಯಿಂದ ನೋಡಿದೆ, ಕ್ಷಮಿಸಲಿಲ್ಲ. ಬಸ್ಸು ತಳ್ಳಿದರೆ ಹೂವಿನವಳ ಗದ್ದೆ ಹಿಂದೆ ಬರುವುದಿಲ್ಲ. ಅವಳು ನನ್ನ ಕಾಲಿನ ಹತ್ತಿರ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಇಂಜಿನ್ ಶುರು ಮಾಡಿದ. ಅಪ್ಪ ಕೈ ಒರೆಸುತ್ತಾ ಬಂದು ತಮ್ಮ ಸೀಟಿನಲ್ಲಿ ಕುಳಿತು, "ಈ ಬಸ್ಸಿಗೂ ವಯಸ್ಸಾಯಿತು ಮಗಾ," ಎಂದು ನಕ್ಕರು.

ಆ ಸಂಜೆ ಅಪ್ಪನ ಕಿವಿಗೆ ಬಾಯಿ ಹಚ್ಚಿ ಎಲ್ಲವನ್ನೂ ಕೂಗಿ ಹೇಳಿದೆ. ಬಸ್ಸು ಹಾಳಾಗಿರಲಿಲ್ಲ, ಅವನು ಹೇಳಿದ, ಮೂರು ಸಲ ಹೇಳಿದ ಎಂದೆ.

"ನಾಳೆ ಹಿಂದೆ ಹೋಗ್ತೀರಲ್ಲ?" ಎಂದು ಕೇಳಿದೆ.

"ಹೋಗಿ ಎಂತ ಮಾಡುವುದು? ಎದುರಿನವರು ಎಂತ ಹೇಳ್ತಾರೆ ಕೇಳದೆ ನಾನೊಬ್ಬನೇ ಮಾತಾಡುತ್ತಾ ಕೂರುವುದಾ? ಅದಕ್ಕಿಂತ ಇಂಜಿನ್ ವಾಸಿ." ಆಮೇಲೆ ಕೇಳಿದರು, "ಎಲ್ಲರ ಎದುರಿಗೆ ಹೇಳಿದನಾ?"

ಹೌದೆಂದು ತಲೆಯಾಡಿಸಿದೆ.

"ಧಣಿಗಳಿದ್ದರಾ?"

ತಲೆಯಾಡಿಸಿದೆ.

"ಹೂವಿನವಳು?"

ಇದ್ದಳೆಂದೆ.

"ಹಾಗಾದರೆ ಕೇಳಬೇಕಾದವರೆಲ್ಲ ಕೇಳಿದ್ದಾರೆ. ಸಾಕು," ಎಂದು ಎದ್ದು ಊಟಕ್ಕೆ ಹೋದರು. ಒಳಗೆ ಅಮ್ಮನ ಹತ್ತಿರ ಗಂಜಿಗೆ ಉಪ್ಪಿನಕಾಯಿ ಕೇಳುತ್ತಿದ್ದದ್ದು ಕೇಳಿಸಿತು, ಕಿವಿ ಕೇಳದವರ ದೊಡ್ಡ ಸ್ವರದಲ್ಲಿ.

ಅವರಿಗೆ ಅಷ್ಟು ಸಾಕಾಯಿತು. ನನಗೆ ಇವತ್ತಿಗೂ ಸಾಕಾಗಿಲ್ಲ.